ಒಂಟಿಬಾಗಿಲ ಗುಡಿ

ಕರಡಿಹಾಳದ ಕೋಟೆಯ ಕೆಳಗಿನ ಓಣಿಯಲ್ಲಿ ಕರಿಗಲ್ಲಿನ ಹಳೆಯ ಚರ್ಚೊಂದಿದೆ. ಫಲಕದಲ್ಲಿ ಸಂತ ಅಂತೋಣಿಯವರ ದೇವಾಲಯವೆಂದು ಬರೆದಿದ್ದರೂ ಊರವರ ಬಾಯಲ್ಲಿ ಅದು ಒಂಟಿಬಾಗಿಲ ಗುಡಿ. ಮೊದಲು ಅದಕ್ಕೆ ಎರಡು ಬಾಗಿಲುಗಳಿದ್ದವು ಎನ್ನುತ್ತಾರೆ.

ಹಿಂದೆ ಒಮ್ಮೆ ಮಳೆಗೆ ಗುಡಿ ಕುಸಿದಾಗ, ಅದನ್ನು ಮತ್ತೆ ನಿಲ್ಲಿಸಲು ಕಲ್ಲು ಹೊತ್ತವರು, ಸುಣ್ಣ ಅರೆದವರು ಕೆಳಗೇರಿಯ ಜನ. ಚರ್ಮದ ಕೆಲಸದ ಆ ಮನೆತನಗಳೂ ಮೇಲ್ಗೇರಿಯವರಂತೆಯೇ ಜ್ಞಾನಸ್ನಾನ ಪಡೆದಿದ್ದವು. ಆದರೂ ಮೇಲ್ಗೇರಿಯ ಹಿರಿಯರು ಅವರಿಗೆಂದೇ ಉತ್ತರದ ಗೋಡೆಯಲ್ಲಿ ಬೇರೆ ಬಾಗಿಲು ಇರಿಸಿದರು; ಬಗ್ಗದೆ ಯಾರೂ ದಾಟಲಾರದಷ್ಟು ಗಿಡ್ಡ. ದೇವರ ಎದುರಲ್ಲೂ ಜಾತಿ ಬಿಡದವರ ಕೆಲಸ ಅದು.

ಸೂರಿಗೆ ತೊಲೆ ಏರಿಸುವಾಗ ಕೆಳಗೇರಿಯ ಸವೇರವ್ವನ ಗಂಡ ಇನ್ನಾಸಪ್ಪ ಅದರಡಿ ಸಿಕ್ಕು ಸತ್ತ. ಮರುದಿನ ಹೆಗಲ ಮೇಲೆ ತಂದ ಶವಪೆಟ್ಟಿಗೆ ಗಿಡ್ಡ ಬಾಗಿಲಿಗೆ ತಾಗಿ ನಿಂತಿತು. "ನೆಲಕ್ಕಿಟ್ಟು ಒಳಗ ಎಳ್ಕೊಳ್ರಿ" ಎಂದ ಮೇಲ್ಗೇರಿಯ ಹಿರಿಯ ರಾಯಪ್ಪ. ಸವೇರವ್ವನ ಅಳು ಅಲ್ಲಿಗೇ ನಿಂತಿತು. ಗಂಡನನ್ನು ಮೂಟೆಯಂತೆ ಎಳೆಯಬೇಕೆ? ಹೊತ್ತವರನ್ನು ಮೇಲ್ಗೇರಿಯವರ ದೊಡ್ಡ ಬಾಗಿಲತ್ತ ತಿರುಗಿಸಿದಳು. ರಾಯಪ್ಪ ಅಡ್ಡ ನಿಂತ.

"ತೊಲಿ ಹೊತ್ತಾಗ ನನ್ನ ಗಂಡ ಈ ಬಾಗಿಲಿಂದನ ಒಳಗ ಹೋಗ್ಯಾನ್ರಿ. ಆಗ ನೀವು ಬ್ಯಾಡ ಅನ್ನಲಿಲ್ಲ."

"ಆಗ ಕೆಲಸ ಇತ್ತು. ಪದ್ಧತಿ ಬ್ಯಾರೆ."

ಒಳಗಿನಿಂದ ಬಂದ ಪಾದ್ರಿಗಳು ನೆಲ ನೋಡುತ್ತ ನಿಂತರು. ಸವೇರವ್ವ ಅವರತ್ತ ತಿರುಗಿದಳು. "ಗುರುಗಳೇ, ಸತ್ತವಗೂ ಬಗ್ಗು ಅಂತೀರೇನು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಗಿಡ್ಡ ಬಾಗಿಲಿಗೆ ಹಿಂದಿರುಗಿ, ಬಿದ್ದಿದ್ದ ಕಲ್ಲೊಂದನ್ನು ಎತ್ತಿ ಹೊಸ್ತಿಲ ಮೇಲಿಟ್ಟಳು. ಕೆಳಗೇರಿಯ ಹೆಂಗಸರು ಒಬ್ಬೊಬ್ಬರಾಗಿ ಕಲ್ಲು ತಂದರು. ಗಂಡಸರು ಗಾರೆ ಕಲಸಿದರು. ಸಂಜೆಯ ಹೊತ್ತಿಗೆ ಅಲ್ಲಿ ಬಾಗಿಲಿರಲಿಲ್ಲ. ಆಗ ಪಾದ್ರಿಗಳು ರಾಯಪ್ಪನನ್ನು ಸರಿಸಿ ದೊಡ್ಡ ಬಾಗಿಲನ್ನು ತೆರೆದು ಹಿಡಿದರು. ಇನ್ನಾಸಪ್ಪ ಹೆಗಲುಗಳ ಮೇಲೆಯೇ ಒಳಗೆ ಹೋದ. ಮೇಲ್ಗೇರಿಯವರು ವರ್ಷಗಟ್ಟಲೆ ಗುಡಿಯತ್ತ ಸುಳಿಯಲಿಲ್ಲವಂತೆ. ಬೇರೆ ಗುಡಿಯಿಲ್ಲದೆ ಮಕ್ಕಳ ಮದುವೆ ನಿಂತುಹೋದಾಗ ತಾವಾಗಿಯೇ ಬಂದರು.

ಈಚೆಗೆ ಗುಡಿಯ ಜೀರ್ಣೋದ್ಧಾರ ನಡೆದಾಗ, ಕಟ್ಟಡವನ್ನು ಮೂಲರೂಪಕ್ಕೆ ತರಬೇಕೆಂದು ನಗರದಿಂದ ಬಂದವರು ಆ ಕಲ್ಲುಗಳನ್ನು ಕೀಳಿಸಿ ಗಿಡ್ಡ ಬಾಗಿಲನ್ನು ಮತ್ತೆ ತೆರೆಯಲು ಹೊರಟರು. ಆ ಅವಮಾನವನ್ನೂ ಅಂದಗೊಳಿಸುವ ಉತ್ಸಾಹ ಅವರದು. ಕೆಳಗೇರಿಯ ಹೆಂಗಸರು ಗೋಡೆಗೆ ಬೆನ್ನು ಕೊಟ್ಟು ಕುಳಿತುಬಿಟ್ಟರು. ಹಾರೆ ಹಿಡಿದವರು ಕಡೆಗೆ ಹಿಂದೆ ಸರಿದರು.

ಈಗಲೂ ಹೋದವರಿಗೆ, ಹೊಸ ಗಾರೆಯ ನುಣುಪು ಗೋಡೆಯ ನಡುವೆ ಅಂಕುಡೊಂಕಾದ ಆ ಕಲ್ಲುಗಳು ಹಾಗೆಯೇ ಕಾಣುತ್ತವೆ. ಇಷ್ಟನ್ನು ಮಾತ್ರ ದುರಸ್ತಿ ಮಾಡದೆ ಏಕೆ ಬಿಟ್ಟಿರಿ ಎಂದು ಕೇಳಿದರೆ ಓಣಿಯವರು, "ಮೊದಲ ದುರಸ್ತಿ ಆಗಿದ್ದು ಅಲ್ಲೇ ರೀ" ಎನ್ನುತ್ತಾರೆ.