ಬಿಚ್ಚಲು ಬಾರದ ವೀಣೆ

“ನಿಮ್ಮ ಯಾವ ಮಾತಿಗೂ ಎಂದೂ ಎದುರಾಡುವುದಿಲ್ಲವೆಂದು ಆಣೆ ಇಡಬೇಕೆಂದಿದ್ದೇನೆ. ಅಪ್ಪಣೆ ಕೊಡುವಿರಾ, ಗುರುಗಳೇ?” ಎಂದು ಮಡಿವಾಳಯ್ಯ ಕೇಳಿದ. ಹತ್ತು ವರ್ಷದಿಂದ ಮಠದಲ್ಲಿದ್ದ ಶಿಷ್ಯ ಅವನು. ಗುರುಗಳ ನಂತರ ಪಾಠ ಹೇಳಬೇಕಾದವನೂ ಅವನೇ.

ಗುರುಗಳು ಕೂತುಕೋ ಎಂದು ಹೇಳಿ ಕತೆ ಶುರುಮಾಡಿದರು.

ಒಂದು ಊರಿನಲ್ಲಿ ವೀಣೆ ಮಾಡುವ ಬಡಗಿಯೊಬ್ಬನಿದ್ದ. ಹಲಸಿನ ಮರದಲ್ಲಿ ವೀಣೆಯ ದುಂಡನೆಯ ಕೊಡ ಕೊರೆಯುವುದರಲ್ಲಿ ಅವನನ್ನು ಮೀರಿಸುವವರು ಇರಲಿಲ್ಲ. ಅಗಲ ಕೊಡ ಬೇಕೆಂದವರಿಗೆ ಅಗಲ, ಪುಟ್ಟದು ಬೇಕೆಂದವರಿಗೆ ಪುಟ್ಟದು. ನಾದವೂ ಚೆನ್ನಾಗಿತ್ತು. ಆದರೆ ಅವನಿಗೆ ಜಂಬವಿದ್ದದ್ದು ನಾದದ ಬಗ್ಗೆ ಅಲ್ಲ, ಕೊಡಕ್ಕೆ ತಂತಿ ಹಾಯುವ ಉದ್ದನೆಯ ದಂಡಿಯನ್ನು ಕೂಡಿಸುವ ಬೆಸುಗೆಯ ಬಗ್ಗೆ.

ಊರಿನ ಉಳಿದ ಬಡಗಿಗಳು ಆ ಜಾಗಕ್ಕೆ ಸರೇಸು ಎಂಬ ಅಂಟು ಹಚ್ಚುತ್ತಿದ್ದರು. ಸರೇಸು ಗಟ್ಟಿಯಾಗಿಯೇ ಹಿಡಿಯುತ್ತದೆ. ಆದರೆ ಬಿಸಿನೀರಿನ ಬಟ್ಟೆ ಸುತ್ತಿ ಸ್ವಲ್ಪ ಹೊತ್ತು ಬಿಟ್ಟರೆ ಮೆತ್ತಗಾಗಿ ಬಿಟ್ಟುಕೊಡುತ್ತದೆ. ನಮ್ಮ ಬಡಗಿಗೆ ಇದು ಕಳ್ಳಕೆಲಸವಾಗಿ ಕಂಡಿತು. ಬಿಡುವ ಬೆಸುಗೆಯೂ ಒಂದು ಬೆಸುಗೆಯಾ ಎಂದು ಆಡಿಕೊಳ್ಳುತ್ತಿದ್ದ. ಬೆಂಕಿಗೂ ನೀರಿಗೂ ಜಗ್ಗದ ಅಂಟನ್ನು ತಾನೇ ಕುದಿಸಿ ಮಾಡಿದ. ಅದು ಸಾಲದೆಂದು ಒಳಗಿನಿಂದ ಮರದ ಮೊಳೆ ಬಡಿದ. ಕೊಳ್ಳಲು ಬಂದವರಲ್ಲಿ ಒಬ್ಬರ ಕೈಗೆ ದಂಡಿ, ಇನ್ನೊಬ್ಬರ ಕೈಗೆ ಕೊಡ ಕೊಟ್ಟು, ಎಳೆಯಿರಿ ನೋಡೋಣ ಎನ್ನುತ್ತಿದ್ದ. ಪಾಪ, ಅವರೂ ಎಳೆಯುತ್ತಿದ್ದರು.

ಅವನಿಂದ ವೀಣೆ ಕೊಂಡ ಒಬ್ಬ ಹೆಂಗಸು ಹನ್ನೆರಡು ವರ್ಷ ಅದನ್ನೇ ನುಡಿಸಿದಳು. ತಂತಿಗಳು ಹನ್ನೆರಡು ವರ್ಷವೂ ದಂಡಿಯನ್ನು ಎಳೆಯುತ್ತಲೇ ಇದ್ದವು. ಎಂಥ ಮರವಾದರೂ ಅಷ್ಟು ಎಳೆದರೆ ಬಾಗುತ್ತದೆ. ದಂಡಿ ಬಾಗಿ, ತಂತಿ ಬೆರಳೊತ್ತುವ ಮೆಟ್ಟಿಲುಗಳಿಂದ ಎತ್ತರಕ್ಕೆ ಹೋಯಿತು. ಒತ್ತಿ ಒತ್ತಿ ಅವಳ ಬೆರಳು ಸೀಳಿತು. ಅವಳು ವೀಣೆಯನ್ನು ಬಡಗಿಯ ಹತ್ತಿರ ಹೊತ್ತು ತಂದಳು. ಬೇರೆ ವೀಣೆಯಲ್ಲಿ ತನಗೆ ಕೈ ಓಡುವುದಿಲ್ಲ, ಇದನ್ನೇ ಸರಿಮಾಡಿಕೊಡಬೇಕು ಎಂದು ಕೇಳಿಕೊಂಡಳು.

ಕೆಲಸ ದೊಡ್ಡದಲ್ಲ. ದಂಡಿಯನ್ನು ಬಿಚ್ಚಬೇಕು, ಕೂರುವ ಕಡೆ ಒಂದೆಳೆ ಹೆರೆಯಬೇಕು, ಮತ್ತೆ ಕೂರಿಸಬೇಕು. ಬೇರೆ ಬಡಗಿಗಳು ಅದನ್ನು ಒಂದು ದಿನದಲ್ಲಿ ಮುಗಿಸುತ್ತಿದ್ದರು. ಇವನು ಬಿಸಿನೀರಿನ ಬಟ್ಟೆ ಸುತ್ತಿದ. ಕೆಂಡದ ಶಾಖ ಕೊಟ್ಟ. ಮೂರು ದಿನ ಹೆಣಗಿದರೂ ಬೆಸುಗೆ ಅಲುಗಲಿಲ್ಲ. ನಾಲ್ಕನೆಯ ದಿನ ಉಳಿ ಇಟ್ಟು ಹೊಡೆದ. ಕೊಡ ಮೇಲಿನಿಂದ ಕೆಳಗಿನವರೆಗೆ ಎರಡು ಹೋಳಾಯಿತು. ದಂಡಿ ಒಂದು ಹೋಳಿಗೆ ಅಂಟಿಕೊಂಡೇ ಇತ್ತು.

ಬಡಗಿಗೆ ಅಷ್ಟು ಹೊತ್ತಿನಲ್ಲೂ ಹಳೆಯ ಚಾಳಿ ಬಿಡಲಿಲ್ಲ.

“ನೋಡಿದ್ರಾ ತಾಯಿ, ಮರ ಹೋಯ್ತೇ ಹೊರತು ನನ್ನ ಬೆಸುಗೆ ಬಿಡಲಿಲ್ಲ” ಎಂದ.

“ಬಿಟ್ಟಿದ್ರೆ ನನ್ನ ವೀಣೆ ಉಳೀತಿತ್ತಪ್ಪ” ಎಂದಳು ಅವಳು. ಹೋಳುಗಳನ್ನು ಅಲ್ಲೇ ಬಿಟ್ಟು ಹೋದಳು. ಮತ್ತೆ ಅವಳು ನುಡಿಸಿದ್ದನ್ನು ಯಾರೂ ಕೇಳಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಮಡಿವಾಳಯ್ಯ, ಆ ಬಡಗಿ ಶುದ್ಧ ದಡ್ಡ, ಅದಿರಲಿ, ತನ್ನ ಆಣೆಗೆ ಅಪ್ಪಣೆಯಾಯಿತೇ ಎಂದು ಮತ್ತೆ ಕೇಳಿದ.

ಗುರುಗಳು ಹೇಳಿದರು: “ನಿನ್ನೆ ಪಾಠದಲ್ಲಿ ನಾನು ತಪ್ಪು ಅರ್ಥ ಹೇಳಿದೆ, ಅದು ನಿನಗೆ ತಿಳಿಯಿತು, ಆದರೂ ನೀನು ಹೌದೆಂದು ತಲೆಯಾಡಿಸಿದೆ, ನಿನ್ನನ್ನು ನೋಡಿ ಉಳಿದವರೆಲ್ಲ ಹಾಗೇ ಬರೆದುಕೊಂಡರು.”