ಸೂಲಗಿತ್ತಿ ಎದ್ದಳು

"ಗುರುಗಳೇ, ನನ್ನ ಅಕ್ಕ ಮೂರು ತಿಂಗಳಿಂದ ಮೂಲೆ ಹಿಡಿದಿದ್ದಾಳೆ. ಬರೀ ಮಾತಿನಿಂದ ಅಂಥವರು ಎದ್ದದ್ದುಂಟೇ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಂದೂರಿನಲ್ಲಿ ಒಬ್ಬ ಸೂಲಗಿತ್ತಿ ಇದ್ದಳು. ಅರ್ಧ ಊರು ಅವಳ ಕೈಯಲ್ಲೇ ಹುಟ್ಟಿತ್ತು. ಒಂದು ಹೆರಿಗೆಯಲ್ಲಿ ಮಗು ಉಸಿರಾಡಲಿಲ್ಲ. ಅವಳನ್ನು ಯಾರೂ ದೂರಲಿಲ್ಲ. ತನ್ನನ್ನು ತಾನೇ ದೂರಿಕೊಂಡಳು. ಅನ್ನ ಸೇರದಾಯಿತು. ತಲೆ ಬಾಚುವುದೂ ಬೆಟ್ಟ ಹತ್ತಿದಂತಾಯಿತು. ಹೆರಿಗೆಗೆ ಕರೆಯಲು ಬಂದವರಿಗೆ ಬಾಗಿಲು ತೆರೆಯಲಿಲ್ಲ. ನೆರೆಯವರು 'ಧೈರ್ಯ ತಂದುಕೋ' ಎಂದರು. ಎಲ್ಲಿಂದ ತರಬೇಕೆಂದು ಯಾರೂ ಹೇಳಲಿಲ್ಲ.

ಕೊನೆಗೆ ಒಬ್ಬ ವೈದ್ಯೆ ಬಂದಳು. ಬುದ್ಧಿ ಹೇಳಲಿಲ್ಲ. ಪಕ್ಕದಲ್ಲಿ ಕುಳಿತು 'ಏನಾಯಿತು?' ಎಂದಳು. ಸೂಲಗಿತ್ತಿ ಗೋಡೆಯತ್ತ ಹೊರಳಿ ಮಲಗಿದಳು. ವೈದ್ಯೆ ಮರುವಾರವೂ ಬಂದು ಕುಳಿತಳು. ಮೂರನೆಯ ವಾರ ಸೂಲಗಿತ್ತಿ ಹೇಳಿದಳು: 'ನನ್ನದು ಕೊಲ್ಲುವ ಕೈ.'

'ಆ ದಿನ ನಿನ್ನ ಕೈ ಏನೇನು ಮಾಡಿತು? ಒಂದೂ ಬಿಡದೆ ಹೇಳು.'

ಅವಳು ಅಳುತ್ತ, ನಿಲ್ಲಿಸುತ್ತ ಹೇಳಿದಳು. ಮಗುವಿನ ಕೊರಳಿಗೆ ಸುತ್ತಿದ್ದ ಹೊಕ್ಕುಳಬಳ್ಳಿ ಬಿಡಿಸಿದ್ದು, ಬಾಯಿಗೆ ಬಾಯಿಟ್ಟು ಉಸಿರೂದಿದ್ದು, ಆಮೇಲೆ ತಾಯಿಯ ಮೈಯಿಂದ ಹರಿಯುತ್ತಿದ್ದ ರಕ್ತ ನಿಲ್ಲಿಸಿದ್ದು. ಅಲ್ಲಿಗೆ ಬಂದಾಗ ತಟ್ಟನೆ ತನ್ನ ಕೈಗಳನ್ನು ನೋಡಿಕೊಂಡಳು. ಆ ತಾಯಿ ಬದುಕಿದ್ದಳು. ಇಷ್ಟು ದಿನ ಅದು ಅವಳ ಲೆಕ್ಕಕ್ಕೇ ಬಂದಿರಲಿಲ್ಲ.

ದುಃಖ ಅಂದೇ ಹೋಗಲಿಲ್ಲ. ಆದರೆ ಮರುದಿನ ತಲೆ ಬಾಚಿಕೊಂಡಳು. ಕೆಲವು ದಿನ ಕಳೆದು ಬಾವಿಯವರೆಗೆ ನಡೆದಳು. ಮತ್ತೆ ಒಂದು ವಾರ ಹಾಸಿಗೆ ಬಿಡಲಿಲ್ಲ. ಅದನ್ನೂ ವೈದ್ಯೆಗೆ ಹೇಳಿದಳು. ಮತ್ತೆ ಬಾವಿಯವರೆಗೆ ನಡೆದಳು.

ಎರಡನೆಯ ವರ್ಷ ಅದೇ ತಾಯಿ ಬಸಿರಾಗಿ ಬಂದು, 'ನೀನೇ ಬರಬೇಕು' ಎಂದಳು. ಸೂಲಗಿತ್ತಿ ಒಪ್ಪಿದಳು. ದಿನ ತುಂಬಿದಾಗ, ಕೊಲ್ಲುವ ಕೈ ಎಂದಿದ್ದ ಅದೇ ಕೈಯಲ್ಲಿ ಹೆರಿಗೆ ಮಾಡಿಸಿದಳು. ಹುಟ್ಟಿದ ಹೆಣ್ಣುಮಗು ಕೇರಿಗೆಲ್ಲ ಕೇಳುವಂತೆ ಅತ್ತಿತು. ಸೂಲಗಿತ್ತಿ ಅಂಗಳಕ್ಕೆ ಬಂದು ನೆರೆದವರ ಮುಂದೆ ತಲೆಯೆತ್ತಿ ನಿಂತಳು. 'ನಾನು ಹಿಡಿದ ಮಗು' ಎಂದಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮುಖ ಅರಳಿತು. "ಆ ವೈದ್ಯೆ ಆಡಿದ ಮಾತುಗಳನ್ನು ನನಗೂ ಕಲಿಸಿಕೊಡಿ. ಇವತ್ತೇ ಹೋಗಿ ಅಕ್ಕನಿಗೆ ಹೇಳುತ್ತೇನೆ."

ಗುರುಗಳು ಅಂದರು: "ಮಾತಾಡಿದವಳು ಸೂಲಗಿತ್ತಿ, ನೀನು ಹೋಗಿ ಅಕ್ಕನ ಪಕ್ಕ ಕುಳಿತುಕೋ."