ತೂತುಬಿದ್ದ ಪಿಸ್ಟನ್ ಮತ್ತು ನೈಟ್ರಸ್ ಸಿಲಿಂಡರ್

ತಿಪ್ಪೇಶಪ್ಪ ರೇಸಿಗೆಂದು ತನ್ನ ಹಳೆಯ ಕಾರಿನ ಡಿಕ್ಕಿಯಲ್ಲಿ ನೈಟ್ರಸ್ ಅನಿಲದ ಸಿಲಿಂಡರ್ ಕೂರಿಸಿದ. ಎಂಜಿನ್ನಿನೊಳಗಿನ ಪಿಸ್ಟನ್ ಅದಕ್ಕೆ ಹೇಳಿತು: "ನೀನು ಬಂದಾಗ ಪೆಟ್ರೋಲೂ ಹೆಚ್ಚು ಬರಬೇಕು. ಪೆಟ್ರೋಲು ಸಾಲದೆ ನೀನೇ ಹೆಚ್ಚಾದರೆ ಉರಿಯ ಕಾವು ಮಿತಿಮೀರಿ ನಾನು ಕರಗುತ್ತೇನೆ. ಮೊದಲು ತಿಪ್ಪೇಶಪ್ಪ ಎಂಜಿನ್ನಿಗೆ ಪೆಟ್ರೋಲು ತಳ್ಳುವ ದೊಡ್ಡ ಪಂಪು ಹಾಕಿಸಲಿ."

"ನನ್ನ ಕೆಲಸ ವೇಗ ಕೊಡುವುದು. ಉಳಿದದ್ದು ನನಗೆ ಸಂಬಂಧವಿಲ್ಲ," ಎಂದಿತು ಸಿಲಿಂಡರ್.

ಪಂಪು ಹಾಕಿಸದೆಯೇ ರೇಸಿಗಿಳಿದ ತಿಪ್ಪೇಶಪ್ಪ ಅನಿಲ ಬಿಡುವ ಗುಂಡಿ ಒತ್ತಿದ. ಕಾರು ಚಿಮ್ಮಿತು; ಜನ ಸಿಲಿಂಡರನ್ನು ಹೊಗಳಿದರು. ಎರಡನೇ ಸುತ್ತಿನಲ್ಲಿ ಹೊಗೆಯೆದ್ದು ಕಾರು ನಿಂತಿತು. ಎಂಜಿನ್ ಬಿಚ್ಚಿದಾಗ ಪಿಸ್ಟನ್ನಿನ ತಲೆ ಕರಗಿ ತೂತುಬಿದ್ದಿತ್ತು.

"ಕಳಪೆ ಮಾಲು," ಎಂದ ತಿಪ್ಪೇಶಪ್ಪ.

"ಹದಿನೆಂಟು ವರ್ಷ ಇವನ ಸಂಸಾರವನ್ನೆಲ್ಲ ಎಳೆದೆ," ಎಂದಿತು ಪಿಸ್ಟನ್. "ಆಗ ಒಬ್ಬರೂ ನನ್ನ ಹೆಸರೆತ್ತಲಿಲ್ಲ. ಈಗ ಹೆಸರಿಡುತ್ತಿದ್ದಾನೆ."

ತಿಪ್ಪೇಶಪ್ಪ ಅದನ್ನು ಗುಜರಿಗೆ ಎಸೆದು, ಸಿಲಿಂಡರಿಗೆ ಮತ್ತೆ ಅನಿಲ ತುಂಬಿಸಲು ಹೊರಟ.